ಭಾಗವತರಿಲ್ಲದ ತಾಳ: ಹನ್ನೆರಡು ಸುಳ್ಳು ನರಕೋಶಗಳ ಬೋರ್ಡ್

ನನ್ನ ರಿಪೇರಿ ಮೇಜಿನ ಮೇಲೆ ಈಗ ಒಂದು ಹಪ್ಪಳದ ಡಬ್ಬಿ ಇದೆ. ಮುಚ್ಚಳದಲ್ಲಿ ಹನ್ನೆರಡು ತೂತು, ತೂತಿಗೊಂದು ಕೆಂಪು ಎಲ್‌ಇಡಿ. ಮುಕ್ಕಾಲು ನಿಮಿಷ ಹೆಚ್ಚುಕಡಿಮೆ ಸತ್ತ ಹಾಗೆ ಬಿದ್ದಿರುತ್ತದೆ. ಅಲ್ಲೊಂದು ಇಲ್ಲೊಂದು ಮಿಣುಕು, ಅಷ್ಟೇ. ಆಮೇಲೆ ಇದ್ದಕ್ಕಿದ್ದ ಹಾಗೆ ಹನ್ನೆರಡೂ ಹುಚ್ಚೆದ್ದು ಮಿಂಚುತ್ತವೆ. ಎಂಟು ಹತ್ತು ಸೆಕೆಂಡಿನಲ್ಲಿ ಮತ್ತೆ ಗಪ್‌ಚುಪ್. ಅಂಗಡಿಗೆ ಬಂದ ಗಿರಾಕಿಗಳು ಇದನ್ನು ದೇವರ ಮಂಟಪದ ಸೀರಿಯಲ್ ಲೈಟ್ ಅಂದುಕೊಳ್ಳುತ್ತಾರೆ. ಆದರೆ ಸೀರಿಯಲ್ ಲೈಟಿನ ಒಳಗೆ ಟೈಮರ್ ಇರುತ್ತದೆ. ಇದು ಹನ್ನೆರಡು ನರಕೋಶಗಳನ್ನು ಅಣಕಿಸುವ ಸರ್ಕ್ಯೂಟ್, ಇದರಲ್ಲಿ ಮುಕ್ಕಾಲು ನಿಮಿಷ ಎಣಿಸುವ ಪಾರ್ಟೇ ಇಲ್ಲ.

ನನ್ನ ಕೆಲಸ ಯುಪಿಎಸ್, ಇನ್ವರ್ಟರ್ ರಿಪೇರಿ. ಮನೆ ಮಂಗಳೂರಿನ ಕುಲಶೇಖರದ ಕಡೆ. ನರಕೋಶಕ್ಕೂ ನನಗೂ ಏನೂ ಸಂಬಂಧ ಇರಲಿಲ್ಲ. ಅಕ್ಕನ ಮಗಳು ಡಾಕ್ಟರ್ ಓದುತ್ತಿದ್ದಾಳೆ. ಮೇ ತಿಂಗಳ ರಜೆಗೆ ಬಂದವಳು, ಹಲಸಿನ ಹಪ್ಪಳ ಒಣಗಿಸಲು ಕೂತಾಗ ಕೇಳಿದಳು: "ಮಾವ, ಮೊಟ್ಟೆಯ ಒಳಗಿನ ಕೋಳಿ ಮರಿ ಒದೀತದಲ್ಲ, ಅದಕ್ಕೆ ಯಾರು ಹೇಳಿಕೊಡ್ತಾರೆ?"

ನಾನು ನನ್ನ ಉತ್ತರ ಕೊಟ್ಟೆ. ಟಕ್ ಟಕ್ ಅನ್ನುವ ಯಾವುದರ ಒಳಗೂ ಒಂದು ಆಸಿಲೇಟರ್, ಅಂದರೆ ತಾಳ ಹಾಕುವ ಸರ್ಕ್ಯೂಟ್, ಇರಲೇಬೇಕು. ಯುಪಿಎಸ್ಸಿನಲ್ಲಿ ಇದೆ, ಗಡಿಯಾರದಲ್ಲಿ ಇದೆ, ಕೋಳಿಯಲ್ಲೂ ಇದ್ದೀತು. ಅವಳು ನಕ್ಕಳು. "ಒಂದು ಕಡೆ ಅಂತ ಇಲ್ಲ ಮಾವ. ಬೆನ್ನುಹುರಿಯನ್ನು ತುಂಡು ಮಾಡಿದರೆ ತುಂಡುಗಳೂ ತಾಳ ಹಾಕ್ತವೆ."

ಇದು ನನ್ನ ತಲೆಗೆ ಹೋಗಲಿಲ್ಲ. ಯಕ್ಷಗಾನದಲ್ಲಿ ಭಾಗವತರು ಜಾಗಟೆ ಬಡಿದರೆ ತಾನೇ ಚೆಂಡೆ, ಮದ್ದಳೆ ಕೂಡಿ ನಡೆಯುವುದು? ಭಾಗವತರೇ ಇಲ್ಲದೆ ಹಿಮ್ಮೇಳ ಒಟ್ಟಿಗೆ ಶುರುವಾಗಿ ಒಟ್ಟಿಗೆ ನಿಲ್ಲುವುದು ಹೇಗೆ? ಹಾಗಾಗಿ ಕಟ್ಟಿಯೇ ನೋಡುವುದು ಅಂತ ತೀರ್ಮಾನವಾಯಿತು.

ಅವಳು ಹೇಳಿದ ಕತೆ ಇಷ್ಟು. ವಿಲ್ಹೆಲ್ಮ್ ಪ್ರೇಯರ್ ಎಂಬ ವಿಜ್ಞಾನಿ 1885ರಲ್ಲೇ ಒಂದು ವಿಷಯ ಬರೆದಿದ್ದ. ಕೋಳಿಯ ಭ್ರೂಣ ನಾಲ್ಕನೇ ದಿನದ ಹೊತ್ತಿಗೇ ಅಲುಗಾಡಲು ಶುರು ಮಾಡುತ್ತದೆ. ಮುಟ್ಟಿದರೆ ಪ್ರತಿಕ್ರಿಯೆ ಕೊಡುವುದು ಅದಾಗಿ ಕೆಲವು ದಿನಗಳ ಮೇಲೆ. ಅಂದರೆ ಹೊರಗಿನಿಂದ ಸುದ್ದಿ ಬರುವ ತಂತಿ ಇನ್ನೂ ಜೋಡಣೆಯೇ ಆಗಿಲ್ಲ, ಒದೆತ ಮಾತ್ರ ಶುರು. 1960ರ ದಶಕದಲ್ಲಿ ವಿಕ್ಟರ್ ಹ್ಯಾಂಬರ್ಗರ್ ಗಂಟೆಗಟ್ಟಲೆ ಮೊಟ್ಟೆಯ ಚಿಪ್ಪಿನಲ್ಲಿ ಕೊರೆದ ಕಿಟಕಿಯಲ್ಲಿ ಕಣ್ಣಿಟ್ಟು ಕೂತು ಲೆಕ್ಕ ಹಾಕಿದ. ಸ್ವಲ್ಪ ಹೊತ್ತು ಅಬ್ಬರ, ಆಮೇಲೆ ಮೌನ, ಮತ್ತೆ ಅಬ್ಬರ. ಸಂವೇದನೆಯ ನರಗಳನ್ನು ತೆಗೆದುಹಾಕಿದರೂ ಇದು ನಿಲ್ಲಲಿಲ್ಲ.

ಕಣ್ಣಿನ ಕತೆಯೂ ಇದೇ. ಇಲಿಮರಿ ಹುಟ್ಟಿ ಎರಡು ವಾರ ಕಣ್ಣು ಬಿಡುವುದಿಲ್ಲ. ಆದರೆ ಗಾಲಿ ಮತ್ತು ಮಫೈ ಎಂಬಿಬ್ಬರು ಇನ್ನೂ ಹುಟ್ಟದ ಇಲಿಯ ರೆಟಿನಾದಲ್ಲೇ (ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪೊರೆ) ಸಿಗ್ನಲ್ ಹಿಡಿದರು, 1988ರಲ್ಲಿ. ಮೂರು ವರ್ಷ ಕಳೆದು ಇನ್ನೊಂದು ತಂಡ ಅದು ಅಲೆಯ ಹಾಗೆ ರೆಟಿನಾದ ಮೇಲೆ ಹರಿಯುತ್ತದೆ ಅಂತ ತೋರಿಸಿತು. ಬೆಳಕಿಲ್ಲದೆ ನೋಡುವುದನ್ನು ಅಭ್ಯಾಸ ಮಾಡುವುದು ಅಂದರೆ ಇದೇ ಇರಬೇಕು. ಈ ಅಲೆಗಳಿಂದಲೇ ಕಣ್ಣು ಮತ್ತು ಮಿದುಳಿನ ನಡುವಿನ ವೈರಿಂಗ್ ಸರಿಯಾಗಿ ಕೂರುತ್ತದಂತೆ.

ಇದನ್ನೆಲ್ಲ ವಿವರಿಸುವ ಒಂದು ಲೆಕ್ಕ 2000ದಲ್ಲಿ ಬಂತು. ಮೈಕೆಲ್ ಓಡೊನೊವನ್, ಜೋಯಲ್ ಟಬಾಕ್, ಜಾನ್ ರಿಂಜೆಲ್ ಮತ್ತು ಜೊತೆಯವರು ಮಾಡಿದ್ದು. ಸಮೀಕರಣ ನನಗೆ ಬೇಡ. ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಕೋಶಗಳು ಒಂದನ್ನೊಂದು ಎಬ್ಬಿಸುತ್ತವೆ, ಮಲಗಿಸುವವರು ಯಾರೂ ಇಲ್ಲ. ಕೆಲವು ಕೋಶಗಳಿಗೆ ಸುಮ್ಮನೆ ಕೂರಲು ಬರುವುದಿಲ್ಲ, ಆಗಾಗ ತಾವಾಗಿಯೇ ಮಿಡಿಯುತ್ತವೆ. ಮತ್ತು ಎಬ್ಬಿಸುವ ಶಕ್ತಿ ಖರ್ಚಾಗುತ್ತದೆ, ತುಂಬಿಕೊಳ್ಳಲು ಹೊತ್ತು ಹಿಡಿಯುತ್ತದೆ.

ಮಲಗಿಸುವವರು ಇಲ್ಲ ಅಂದದ್ದಕ್ಕೆ ನಾನು ತಕರಾರು ಎತ್ತಿದೆ. ಮಿದುಳಿನಲ್ಲಿ ಗಾಬಾ ಅಂತ ಬ್ರೇಕ್ ರಾಸಾಯನಿಕ ಇದೆ ಅಂತ ನಾನೂ ಎಲ್ಲೋ ಓದಿದ್ದೆ. ಅದಕ್ಕೂ ಅವಳ ಹತ್ತಿರ ಉತ್ತರ ಇತ್ತು. ಎಳೆಯ ನರಕೋಶದ ಒಳಗೆ ಕ್ಲೋರೈಡ್ ಜಾಸ್ತಿ. ಗಾಬಾ ಬಂದು ಬಾಗಿಲು ತೆರೆದರೆ ಕ್ಲೋರೈಡ್ ಹೊರಗೆ ಹರಿಯುತ್ತದೆ, ಕೋಶ ಎಚ್ಚರವಾಗುತ್ತದೆ. ದೊಡ್ಡವರಾದ ಮೇಲೆ ಕ್ಲೋರೈಡ್ ಹೊರಹಾಕುವ ಪಂಪು ಜೋರಾಗುತ್ತದೆ, ಆಗ ಅದೇ ಗಾಬಾ ಬ್ರೇಕ್ ಆಗುತ್ತದೆ. ಎಳವೆಯಲ್ಲಿ ಅದೂ ಆಕ್ಸಿಲರೇಟರೇ.

ಇಷ್ಟು ಕೇಳಿದ ಮೇಲೆ ನನಗೆ ಕಂಡದ್ದು ಊರಿನ ನೀರಿನ ಟ್ಯಾಂಕು. ಸಣ್ಣ ಪೈಪಿನಲ್ಲಿ ನಿಧಾನ ತುಂಬುತ್ತದೆ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ನಲ್ಲಿ ತೆರೆದರೆ ಹತ್ತು ನಿಮಿಷದಲ್ಲಿ ಖಾಲಿ. ಟ್ಯಾಂಕು ಅಂದರೆ ನಮಗೆ ಕೆಪಾಸಿಟರ್, ಸಣ್ಣ ಪೈಪು ಅಂದರೆ ರೆಸಿಸ್ಟರ್. ಇದಾದರೆ ನನ್ನ ಕೈಲಾಗುವ ಕೆಲಸ.

ಸರ್ಕ್ಯೂಟ್ ಹೇಳುತ್ತೇನೆ. ಒಂದು ಕೋಶಕ್ಕೆ ಒಂದು 1 ಮೈಕ್ರೋಫ್ಯಾರಡ್ ಕೆಪಾಸಿಟರ್. ಅದಕ್ಕೆ 220 ಕಿಲೋಓಮ್ ರೆಸಿಸ್ಟರ್ ಮೂಲಕ ಒಂದು ಪ್ರೀಸೆಟ್‌ನಿಂದ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಬಯಾಸ್ ವೋಲ್ಟೇಜ್, ಅಂದರೆ ಕೋಶವನ್ನು ಮಿಡಿಯುವ ಗಡಿಯ ಹತ್ತಿರ ತಂದು ನಿಲ್ಲಿಸುವ ವೋಲ್ಟೇಜ್. ಕೆಪಾಸಿಟರಿನ ವೋಲ್ಟೇಜನ್ನು ಕಾಯುವುದು ಸಿಡಿ 40106 ಐಸಿಯ ಒಂದು ಗೇಟು. 5 ವೋಲ್ಟ್ ಸಪ್ಲೈಯಲ್ಲಿ ಇದರ ಗಡಿ ಸುಮಾರು 2.9 ವೋಲ್ಟ್. ಗಡಿ ದಾಟಿದರೆ 555 ಟೈಮರ್ ಟ್ರಿಗರ್ ಆಗುತ್ತದೆ. 47 ಕಿಲೋಓಮ್, 0.1 ಮೈಕ್ರೋಫ್ಯಾರಡ್ ಹಾಕಿದ್ದರಿಂದ ಅದು 5 ಮಿಲಿಸೆಕೆಂಡ್ ಆನ್ ಇರುತ್ತದೆ. ಇದೇ ನಮ್ಮ ಮಿಡಿತ. ಆ 5 ಮಿಲಿಸೆಕೆಂಡಿನಲ್ಲಿ ಮೂರು ಕೆಲಸ ನಡೆಯುತ್ತದೆ. ಎಲ್‌ಇಡಿ ಮಿನುಗುತ್ತದೆ. ಒಂದು 2ಎನ್7000 ಮಾಸ್ಫೆಟ್ ಕೋಶದ ಕೆಪಾಸಿಟರನ್ನು ಖಾಲಿ ಮಾಡುತ್ತದೆ. ಒಂದು ಬಿಸಿ 547 ಟ್ರಾನ್ಸಿಸ್ಟರ್ ಟ್ಯಾಂಕಿನಿಂದ ಕರೆಂಟ್ ತೆಗೆದು ಬೇರೆ ನಾಲ್ಕು ಕೋಶಗಳಿಗೆ ಕೊಡುತ್ತದೆ.

555 ಟೈಮರ್ ಅಲ್ವಾ, ಮತ್ತೆ ಟೈಮರ್ ಇಲ್ಲ ಅಂದದ್ದು ಸುಳ್ಳಲ್ವಾ ಅಂತ ಕೇಳಬಹುದು. ಅದು ಒಂದು ಮಿಡಿತದ ಉದ್ದವನ್ನು ಮಾತ್ರ ಅಳೆಯುತ್ತದೆ. ಯಾವಾಗ ಮಿಡಿಯಬೇಕು ಅಂತ ಅದಕ್ಕೆ ಗೊತ್ತಿಲ್ಲ. ಯಾರೋ ಟ್ರಿಗರ್ ಮಾಡದಿದ್ದರೆ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ.

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗಕ್ಕೆ ಸಿನಾಪ್ಸ್ ಅನ್ನುತ್ತಾರೆ. ನನ್ನ ಸಿನಾಪ್ಸ್ ಅಂದರೆ ಒಂದು 22 ಕಿಲೋಓಮ್ ರೆಸಿಸ್ಟರ್, ಒಂದು 1ಎನ್4148 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪಾರ್ಟು). ಡಯೋಡ್ ಬೇಕೇ ಬೇಕು, ಇಲ್ಲದಿದ್ದರೆ ಕೋಶಗಳ ಕೆಪಾಸಿಟರ್‌ಗಳು ಒಂದಕ್ಕೊಂದು ಸೇರಿಹೋಗುತ್ತವೆ. ಹನ್ನೆರಡು ಕೋಶ, ತಲಾ ನಾಲ್ಕು, ಒಟ್ಟು 48 ಸಿನಾಪ್ಸ್. ಯಾವುದರಿಂದ ಯಾವುದಕ್ಕೆ ಅಂತ ಅಕ್ಕನ ಮಗಳು ಹುಣಸೆ ಬೀಜ ಎಸೆದು ತೀರ್ಮಾನಿಸಿದಳು. ಟ್ಯಾಂಕು 4700 ಮೈಕ್ರೋಫ್ಯಾರಡ್, ಅದನ್ನು ತುಂಬಿಸುವ ರೆಸಿಸ್ಟರ್ 10 ಕಿಲೋಓಮ್. ಗುಣಿಸಿದರೆ 47 ಸೆಕೆಂಡ್, ಖಾಲಿ ಟ್ಯಾಂಕು ಸುಮಾರು ಮೂರರಲ್ಲಿ ಎರಡು ಪಾಲು ತುಂಬಲು ಹಿಡಿಯುವ ಹೊತ್ತು.

ಕೋಶದ ಕೆಪಾಸಿಟರಿಗೆ ಬೇಕೆಂದೇ ಅಗ್ಗದ ಎಲೆಕ್ಟ್ರೋಲೈಟಿಕ್ ಹಾಕಿದೆ. ಅದರ ಲೀಕೇಜ್ ಒಂದೊಂದರಲ್ಲಿ ಒಂದೊಂದು ಥರ. ಹಾಗಾಗಿ ಒಂದೇ ಬಯಾಸ್ ಕೊಟ್ಟರೂ ಕೆಲವು ಕೋಶ ಗಡಿಯ ಹತ್ತಿರ ನಿಲ್ಲುತ್ತವೆ, ಕೆಲವು ದೂರ. ಬೇರೆ ಕೆಲಸದಲ್ಲಿ ಬೈಸಿಕೊಳ್ಳುವ ಕೆಪಾಸಿಟರ್ ಇಲ್ಲಿ ಉಪಕಾರಕ್ಕೆ ಬಂತು.

ಹಂಪನಕಟ್ಟೆ ಕಡೆ ಹೋಗಿ ಐಸಿ ಬೇಸು, ಡಯೋಡು, ಎರಡು ಜಿಪಿ ಬೋರ್ಡು (ಪಾರ್ಟು ಕೂರಿಸಲು ಸಾಲು ತೂತಿರುವ ಬೋರ್ಡು) ತಂದೆ. 555 ಮಾತ್ರ ತರಲಿಲ್ಲ. ಹಳೇ ಡಬ್ಬಿಯಲ್ಲಿ ಎನ್‌ಇ 555 ಇಪ್ಪತ್ತು ಮೂವತ್ತು ಬಿದ್ದಿದ್ದವು. ಇದೇ ನನ್ನನ್ನು ಹಳ್ಳಕ್ಕೆ ಹಾಕಿದ್ದು.

ಸೋಲ್ಡರಿಂಗ್‌ಗೆ ಐದು ರಾತ್ರಿ. ಹೇಳುವಂಥದ್ದೇನಿಲ್ಲ, 48 ಡಯೋಡಿನಲ್ಲಿ ಮೂರು ಉಲ್ಟಾ ಆಗಿತ್ತು, ಅಷ್ಟೇ.

ಆರನೇ ರಾತ್ರಿ ಆನ್ ಮಾಡಿದೆ. ಏನೂ ಇಲ್ಲ. ಪ್ರೀಸೆಟ್ ತಿರುಗಿಸಿ ಬಯಾಸ್ ಏರಿಸಿದೆ. ಒಂದೊಂದೇ ಎಲ್‌ಇಡಿ ಮಿನುಗತೊಡಗಿತು. ಇನ್ನೂ ಏರಿಸಿದೆ. ನೋಡನೋಡುತ್ತ ಏಳೆಂಟು ಕೋಶಗಳು ಒಟ್ಟಿಗೇ ಮಿನುಗಲು ಶುರು! ಸೆಕೆಂಡಿಗೆ ಎರಡು ಸಲ, ಮಿಲಿಟರಿ ಪರೇಡಿನ ಹಾಗೆ. ನಾನು ಖುಷಿಯಲ್ಲಿ ವೀಡಿಯೊ ಮಾಡಿ ಕಳಿಸಿದೆ.

ಅವಳಿಂದ ಬಂದದ್ದು ಒಂದೇ ಸಾಲು. "ಮಾವ, ಇದು ನಿಲ್ಲುವುದೇ ಇಲ್ವಲ್ಲ? ಕೋಳಿ ಮರಿ ನಿಲ್ಲಿಸಿ ನಿಲ್ಲಿಸಿ ಒದೀತದೆ."

ಟ್ಯಾಂಕಿಗೆ ಮೀಟರ್ ಹಿಡಿದೆ. 5 ವೋಲ್ಟ್, ಕದಲುತ್ತಲೇ ಇಲ್ಲ. ಯಾರೂ ನೀರು ತೆಗೆಯುತ್ತಿಲ್ಲ! ಟ್ಯಾಂಕಿನ ವೈರನ್ನೇ ಬಿಚ್ಚಿದೆ. ಅಂದರೆ 48 ಸಿನಾಪ್ಸ್‌ಗಳೂ ಸತ್ತ ಹಾಗೆ. ಆದರೂ ಎಲ್‌ಇಡಿಗಳು ಒಟ್ಟಿಗೇ ಮಿನುಗುತ್ತಿವೆ. ಆಗ ನನಗೆ ನಿಜವಾಗಿ ಬೆವರು ಬಂತು. ಸಂಪರ್ಕವೇ ಇಲ್ಲದೆ ಇವು ಮಾತಾಡುತ್ತಿರುವುದು ಹೇಗೆ?

ಮೊದಲ ತಪ್ಪು ಬೇಗ ಸಿಕ್ಕಿತು. ಎನ್‌ಇ 555ರ ಔಟ್‌ಪುಟ್ 5 ವೋಲ್ಟ್ ಸಪ್ಲೈಯಲ್ಲಿ 5ರ ತನಕ ಏರುವುದಿಲ್ಲ, ಸುಮಾರು 3.3ಕ್ಕೆ ನಿಲ್ಲುತ್ತದೆ. ಅದರಲ್ಲಿ ಟ್ರಾನ್ಸಿಸ್ಟರಿಗೆ 0.7, ಡಯೋಡಿಗೆ 0.6 ಹೋದರೆ ಉಳಿಯುವುದು 2 ವೋಲ್ಟ್. 2.9 ದಾಟಿಸಬೇಕಾದ ಕೋಶಕ್ಕೆ 2 ವೋಲ್ಟ್ ತೋರಿಸಿದರೆ ಏನು ಪ್ರಯೋಜನ? ಸಿನಾಪ್ಸ್‌ಗಳು ಮೊದಲ ದಿನದಿಂದಲೇ ಕೆಲಸ ಮಾಡಿರಲಿಲ್ಲ.

ಎರಡನೆಯದ್ದಕ್ಕೆ ಎರಡು ದಿನ ಬೇಕಾಯಿತು. ಎನ್‌ಇ 555ಕ್ಕೆ ಇನ್ನೊಂದು ಕೆಟ್ಟ ಚಾಳಿ ಇದೆ. ಔಟ್‌ಪುಟ್ ಬದಲಾಗುವ ಗಳಿಗೆಯಲ್ಲಿ ಸಪ್ಲೈಯಿಂದ ದೊಡ್ಡ ಕರೆಂಟನ್ನು ಗಬಕ್ಕನೆ ಎಳೆಯುತ್ತದೆ. ಸಪ್ಲೈ ಒಂದು ಕ್ಷಣ ಕುಸಿಯುತ್ತದೆ. 40106ರ ಗಡಿ ಸಪ್ಲೈಗೆ ತಕ್ಕಂತೆ ಇರುವುದರಿಂದ, ಸಪ್ಲೈ ಕುಸಿದರೆ ಗಡಿಯೂ ಕುಸಿಯುತ್ತದೆ. ಆಗ ಗಡಿಯ ಹತ್ತಿರ ನಿಂತಿದ್ದ ಎಲ್ಲ ಕೋಶಗಳೂ ಒಟ್ಟಿಗೆ ದಾಟಿಬಿಡುತ್ತವೆ. ನಾನು ಹಾಕದ ವೈರು, ಸಪ್ಲೈ ಲೈನೇ ಸಿನಾಪ್ಸ್ ಆಗಿತ್ತು. 1665ರಲ್ಲಿ ಹೈಗೆನ್ಸ್ ಒಂದೇ ತೊಲೆಗೆ ತೂಗು ಹಾಕಿದ ಎರಡು ಲೋಲಕದ ಗಡಿಯಾರಗಳು ತಾವಾಗಿಯೇ ಹೆಜ್ಜೆ ಕೂಡಿಸಿದ್ದನ್ನು ಕಂಡಿದ್ದನಲ್ಲ, ಅದೇ ಕತೆ. ತೊಲೆಯ ಮೂಲಕ ಗುಟ್ಟಾಗಿ ಮಾತು.

ಹನ್ನೆರಡೂ ಎನ್‌ಇ 555 ಕಿತ್ತು ಅದೇ ಟೈಮರಿನ ಸಿಮಾಸ್ (ಕಡಿಮೆ ಕರೆಂಟ್ ತಿನ್ನುವ) ಜಾತಿಯ 7555 ಹಾಕಿದೆ. ಪಿನ್ನು ಅದೇ, ಬೇಸಿನಲ್ಲಿ ಬದಲಿಸಿದರೆ ಆಯಿತು. ಔಟ್‌ಪುಟ್ ಪೂರ್ತಿ ಏರುತ್ತದೆ, ಗಬಕ್ ಎಳೆತವೂ ಇಲ್ಲ. ಪ್ರತಿ ಐಸಿಯ ಕಾಲ ಬುಡದಲ್ಲೇ 0.1 ಮೈಕ್ರೋಫ್ಯಾರಡ್ ಸೇರಿಸಿದೆ. ಎಲ್‌ಇಡಿಗಳಿಗೆ ಬೇರೆಯೇ 7805, ಅಂದರೆ 5 ವೋಲ್ಟ್ ಕೊಡುವ ರೆಗ್ಯುಲೇಟರ್ ಐಸಿ. ಟ್ಯಾಂಕ್ ಬಿಚ್ಚಿ ನೋಡಿದೆ. ಈಗ ಒಂದೊಂದು ಕೋಶವೂ ತನ್ನ ಪಾಡಿಗೆ ತಾನು, ಒಂದಕ್ಕೊಂದು ಸಂಬಂಧವಿಲ್ಲ. ಬಯಾಸ್ ಇಳಿಸುತ್ತ ಬಂದೆ, ಮೂರು ನಾಲ್ಕು ಕೋಶ ಮಾತ್ರ ಅಪರೂಪಕ್ಕೆ ಮಿನುಗುವಷ್ಟು. ಆಮೇಲೆ ಟ್ಯಾಂಕಿನ ವೈರು ಸಿಕ್ಕಿಸಿದೆ.

ಮೀಟರ್ ಏರುತ್ತಿತ್ತು. 3.8, 4.0, 4.1. ಏಳನೇ ಕೋಶ ಮಿನುಗಿತು. ನಾಲ್ಕನೆಯದು. ಮತ್ತೆ ಏಳನೆಯದು. 4.2 ಆಯಿತು. ಒಮ್ಮೆಲೇ ಇಡೀ ಬೋರ್ಡು ಹೊತ್ತಿಕೊಂಡಿತು. ಮೊದಲಿನ ಹಾಗೆ ಪರೇಡ್ ಅಲ್ಲ, ತಗಡಿನ ಮಾಡಿಗೆ ಮಳೆ ಬಿದ್ದ ಹಾಗೆ ಎರ್ರಾಬಿರ್ರಿ. ಮೀಟರ್ ದಡದಡ ಇಳಿಯಿತು. 3.2 ವೋಲ್ಟಿಗೆ ಎಲ್ಲ ಸ್ತಬ್ಧ. ಸುಮಾರು ನಲವತ್ತು ಸೆಕೆಂಡ್ ಕಳೆದು ಮತ್ತೆ 4.2, ಮತ್ತೆ ಅಬ್ಬರ. ರಾತ್ರಿ ಹನ್ನೆರಡೂವರೆಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಚಂದ ಉಂಟು, ಮಲಗಿ ಇನ್ನು" ಅಂದಳು.

ಎಂತ ಆಗುತ್ತಿದೆ ಅಂದರೆ, ಟ್ಯಾಂಕಿನ ಮಟ್ಟ ಕೆಳಗಿರುವಾಗ ಏಳನೇ ಕೋಶ ಮಿಡಿದರೂ ಪಕ್ಕದವರು ಏಳುವುದಿಲ್ಲ. ಟ್ಯಾಂಕು ತುಂಬಿದ ಮೇಲೆ ಒಬ್ಬ ಎಬ್ಬಿಸಿದರೆ ಒಬ್ಬರಿಗಿಂತ ಜಾಸ್ತಿ ಏಳುತ್ತಾರೆ, ಅವರು ಇನ್ನಷ್ಟು ಜನರನ್ನು. ಒಮ್ಮೆ ಹತ್ತಿಕೊಂಡರೆ ಶುರುವಾದ ವೋಲ್ಟೇಜಿಗಿಂತ ಎಷ್ಟೋ ಕೆಳಗಿನವರೆಗೂ ನಡೆಯುತ್ತದೆ, ಯಾಕೆಂದರೆ ಎಲ್ಲರೂ ಎದ್ದೇ ಇದ್ದಾರೆ. 4.2ಕ್ಕೆ ಶುರು, 3.2ಕ್ಕೆ ನಿಲುಗಡೆ. ಈ ಒಂದು ವೋಲ್ಟಿನ ಅಂತರದಲ್ಲೇ ತಾಳ ಹುಟ್ಟುವುದು. ಕೋಳಿಯ ಬೆನ್ನುಹುರಿಯಲ್ಲಿ ಅಬ್ಬರ ಒಂದು ನಿಮಿಷದ ಆಸುಪಾಸು, ಮೌನ ಹಲವು ನಿಮಿಷ. ನನ್ನದು ಸಣ್ಣ ಟ್ಯಾಂಕು.

ಕೋಳಿಯ ಕೋಶಗಳ ಟ್ಯಾಂಕು ಯಾವುದು ಅಂತ ಅಕ್ಕನ ಮಗಳನ್ನು ಕೇಳಿದೆ. ದೊಡ್ಡ ಪಾಲು ಅದೇ ಕ್ಲೋರೈಡ್ ಅಂತೆ. ಅಬ್ಬರದಲ್ಲಿ ಕೋಶದ ಒಳಗಿನ ಕ್ಲೋರೈಡ್ ಸೋರಿಹೋಗುತ್ತದೆ, ಗಾಬಾದ ಎಬ್ಬಿಸುವ ಬಲ ಕುಗ್ಗುತ್ತದೆ. ಮೌನದಲ್ಲಿ ಒಂದು ಪಂಪು ಅದನ್ನು ನಿಧಾನವಾಗಿ ವಾಪಸ್ ತುಂಬುತ್ತದೆ. ಆ ಪಂಪಿನ ಹೆಸರು ಎನ್‌ಕೆಸಿಸಿ1. ನನ್ನ ಬೋರ್ಡಿನಲ್ಲಿ ಅದರ ಹೆಸರು 10 ಕಿಲೋಓಮ್.

ಆದರೂ ನನಗೆ ಸಂಶಯ. ಏಳನೇ ಕೋಶವೇ ಭಾಗವತರಿರಬೇಕು! ಫೋನಿನ ಸ್ಲೋ ಮೋಷನ್‌ನಲ್ಲಿ ಇಪ್ಪತ್ತು ಅಬ್ಬರ ಹಿಡಿದೆ. ಹದಿಮೂರು ಸಲ ಏಳನೆಯದು ಮೊದಲು, ನಾಲ್ಕು ಸಲ ನಾಲ್ಕನೆಯದು, ಉಳಿದದ್ದು ಬೇರೆಯವು. ಸಿಕ್ಕಿಬಿದ್ದ ಅಂದುಕೊಂಡು ಏಳನೆಯದರ 7555 ಅನ್ನು ಬೇಸಿನಿಂದ ಕಿತ್ತೆ. ಅಬ್ಬರ ನಿಲ್ಲಲಿಲ್ಲ. ನಡುವಿನ ಮೌನ ಐದಾರು ಸೆಕೆಂಡ್ ಉದ್ದವಾಯಿತು, ಅಷ್ಟೇ. ನಾಲ್ಕನೆಯದನ್ನೂ ಕಿತ್ತೆ. ಇನ್ನೂ ಸ್ವಲ್ಪ ಉದ್ದ. ಏಳನೆಯದು ಭಾಗವತರಲ್ಲ, ಸಭೆಯಲ್ಲಿ ಮೊದಲು ಚಪ್ಪಾಳೆ ತಟ್ಟುವ ಮನುಷ್ಯ. ಅವನು ಬರದಿದ್ದರೆ ಇನ್ನೊಬ್ಬ ತಟ್ಟುತ್ತಾನೆ.

ಆಮೇಲಿನ ಪ್ರಯೋಗ ಅಕ್ಕನ ಮಗಳದ್ದು. ಕೋಶಗಳನ್ನೆಲ್ಲ ವಾಪಸ್ ಕೂರಿಸಿ, ಪ್ರತಿ ಕೋಶದ ನಾಲ್ಕು ಸಿನಾಪ್ಸ್‌ನಲ್ಲಿ ಒಂದರ ಡಯೋಡಿನ ಕಾಲು ಎತ್ತಿದೆವು. ಅಬ್ಬರ ಮುಗಿದ ಕೂಡಲೇ ಎತ್ತಿ ಕಾದೆವು. ನಲವತ್ತು ಸೆಕೆಂಡ್ ಆಯಿತು, ಇಲ್ಲ. ಒಂದು ನಿಮಿಷ, ಇಲ್ಲ. ಸತ್ತಿತು ಅಂತ ನಾನು ಸೋಲ್ಡರಿಂಗ್ ಐರನ್ ತೆಗೆದುಕೊಂಡೆ. ಅವಳು ಕೈ ಹಿಡಿದಳು, "ಕಾಯಿ ಮಾವ". ಒಂದೂವರೆ ನಿಮಿಷಕ್ಕೆ, ಟ್ಯಾಂಕು 4.7 ತಲುಪಿದಾಗ, ಮತ್ತೆ ಹೊತ್ತಿತು. ಸಂಪರ್ಕ ಕಡಿಮೆಯಾದರೆ ಟ್ಯಾಂಕು ಜಾಸ್ತಿ ತುಂಬಬೇಕು. ತುಂಬಲು ಯಾರೂ ಹೇಳಬೇಕಾಗಿಲ್ಲ, ಅಬ್ಬರ ಆಗದಿದ್ದರೆ ಅದೇ ತುಂಬುತ್ತದೆ. 1998ರಲ್ಲಿ ಕೋಳಿಯ ಬೆನ್ನುಹುರಿಯಲ್ಲಿ ಇದನ್ನೇ ಕಂಡಿದ್ದಾರೆ. ಕೆಲವು ಜಾತಿಯ ಸಿನಾಪ್ಸ್‌ಗಳನ್ನು ಔಷಧಿ ಹಾಕಿ ಮುಚ್ಚಿದರೆ ತಾಳ ನಿಲ್ಲುತ್ತದೆ, ಸ್ವಲ್ಪ ಹೊತ್ತು ಕಳೆದು ಉಳಿದ ಸಂಪರ್ಕಗಳನ್ನೇ ಹಿಡಿದುಕೊಂಡು ಮತ್ತೆ ಶುರುವಾಗುತ್ತದೆ.

ಜೂನ್ ಕೊನೆಗೆ ಬೋರ್ಡು ಸತ್ತಿತು. ಈ ಸಲ ನಿಜವಾಗಿ. ಟ್ಯಾಂಕು 5 ವೋಲ್ಟ್ ಭರ್ತಿ, ಒಂದು ಎಲ್‌ಇಡಿಯೂ ಮಿನುಗುವುದಿಲ್ಲ. ಹೊರಗೆ ಮೂರು ದಿನದಿಂದ ಬಿಡದ ಮಳೆ, ಒಳಗೆ ಉಪ್ಪಿನ ಡಬ್ಬಿಯಲ್ಲಿ ನೀರು. ಕೋಶಗಳ ವೋಲ್ಟೇಜ್ ಅಳೆದರೆ ಎಲ್ಲ ಕಾಲು ವೋಲ್ಟ್ ಕೆಳಗೆ. ಪ್ರೀಸೆಟ್ ಸರಿಯಾಗಿಯೇ ಇದೆ. ನಮ್ಮ ಊರಿನವರಿಗೆ ಇದು ಗೊತ್ತಿರುವ ರೋಗ. ಜಿಪಿ ಬೋರ್ಡಿನಲ್ಲಿ ಫ್ಲಕ್ಸ್ (ಸೋಲ್ಡರ್ ಹಿಡಿಯಲು ಹಚ್ಚುವ ಅಂಟು) ತೊಳೆಯದೆ ಬಿಟ್ಟರೆ ಅದು ತೇವ ಹೀರಿ ಟ್ರ್ಯಾಕಿನ ನಡುವೆ ಕರೆಂಟ್ ಸೋರುತ್ತದೆ. ಸೋರಿಕೆ ಒಂದೆರಡು ಮೆಗಾಓಮ್ ಇದ್ದರೂ 220 ಕಿಲೋಓಮಿನ ಎದುರು ಅದು ದೊಡ್ಡದೇ. ಗಡಿಯ ಹತ್ತಿರ ನಿಂತಿದ್ದ ಚಪ್ಪಾಳೆಯವರೆಲ್ಲ ಹಿಂದೆ ಸರಿದಿದ್ದರು. ಟ್ಯಾಂಕು ತುಂಬಿದ್ದರೂ ಮೊದಲ ಚಪ್ಪಾಳೆ ತಟ್ಟಲು ಜನವಿಲ್ಲ.

ಹೇರ್ ಡ್ರೈಯರ್ ಹಿಡಿದೆ. ಎರಡು ನಿಮಿಷಕ್ಕೆ ಏಳನೆಯವನು ಮಿನುಗಿದ, ಬೋರ್ಡು ಎದ್ದಿತು. ಆಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಮತ್ತು ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಅಡಿಭಾಗ ಪೂರ್ತಿ ತೊಳೆದು, ಒಣಗಿಸಿ, ವಾರ್ನಿಷ್ ಬಳಿದೆ. ಹಪ್ಪಳದ ಡಬ್ಬಿಗೆ ಹಾಕಿದ್ದು ಆಗಲೇ. ಮಳೆಗಾಲದಲ್ಲಿ ಹಪ್ಪಳ ಗರಿಗರಿ ಉಳಿಸುವ ಡಬ್ಬಿಗೆ ಒಂದು ಬೋರ್ಡು ಒಣಗಿಸಿಡುವುದು ಕಷ್ಟವೇ?

ಒಂದು ಕೊರತೆ ಇತ್ತು. ಕೋಳಿಯ ಅಬ್ಬರ ಒಂದೇ ಸಮನೆ ಇರುವುದಿಲ್ಲ, ಅದರೊಳಗೇ ಏರಿಳಿತ ಇದೆ. ಒದೆ, ಬಿಡು, ಒದೆ, ಬಿಡು. ನನ್ನದು ಬರೀ ಮಳೆ ಸದ್ದು. 2000ದ ಲೆಕ್ಕದಲ್ಲಿ ಇದಕ್ಕೆ ಎರಡನೇ ಸುಸ್ತು ಇದೆ, ಬೇಗ ಬಂದು ಬೇಗ ಹೋಗುವಂಥದ್ದು. ಊರಿನ ಟ್ಯಾಂಕಿನ ಜೊತೆ ಮನೆಗೊಂದು ಸಣ್ಣ ಟ್ಯಾಂಕು ಅನ್ನಿ. ಪ್ರತಿ ಕೋಶದ ಟ್ರಾನ್ಸಿಸ್ಟರಿಗೆ ದೊಡ್ಡ ಟ್ಯಾಂಕಿನಿಂದ ನೇರ ಕೊಡುವ ಬದಲು 22 ಕಿಲೋಓಮ್ ಮತ್ತು 10 ಮೈಕ್ರೋಫ್ಯಾರಡ್ ಮೂಲಕ ಕೊಟ್ಟೆ. ಬಯಾಸ್ ಮತ್ತೆ ಹೊಂದಿಸಲು ಒಂದು ಭಾನುವಾರ ಹೋಯಿತು. ತೀರಾ ಏರಿಸಿದರೆ ಅಬ್ಬರ ನಿಲ್ಲುವುದಿಲ್ಲ, ತೀರಾ ಇಳಿಸಿದರೆ ಒಂದೇ ಒದೆತಕ್ಕೆ ಮುಗಿಯುತ್ತದೆ. ನಡುವಿನ ಜಾಗ ಪ್ರೀಸೆಟ್ಟಿನ ಕೂದಲೆಳೆಯಷ್ಟು.

ಸಿಕ್ಕಿದಾಗ ಮಾತ್ರ ಚೆನ್ನಾಗಿತ್ತು. ಒಂದು ಅಬ್ಬರದಲ್ಲಿ ಎಂಟೋ ಒಂಬತ್ತೋ ಉಸಿರು. ಹನ್ನೆರಡೂ ಎಲ್‌ಇಡಿ ಒಟ್ಟಿಗೆ ಉಬ್ಬಿ ಕುಗ್ಗಿ, ಕೊನೆಕೊನೆಗೆ ಉಸಿರಿನ ನಡುವಿನ ಅಂತರ ಹೆಚ್ಚುತ್ತಾ ಹೋಗಿ, ಆಮೇಲೆ ಮೌನ.

ಆಟಿ ತಿಂಗಳಲ್ಲಿ (ನಮ್ಮ ತುಳು ಕ್ಯಾಲೆಂಡರಿನ ಮಳೆಗಾಲದ ತಿಂಗಳು) ಅಕ್ಕನ ಮಗಳು ಬಂದು ಡಬ್ಬಿಯನ್ನು ಕಾಲೇಜಿಗೆ ಒಯ್ಯುತ್ತೇನೆ ಅಂದಳು. ಮುಂದಿನ ಬೋರ್ಡಿಗೆ ಮೂವತ್ತಾರು ಕೋಶ, ಉದ್ದಕ್ಕೆ ಸಾಲಾಗಿ, ಪಕ್ಕದವರಿಗೆ ಮಾತ್ರ ಸಂಪರ್ಕ. ರೆಟಿನಾದ ಅಲೆ ಬರುತ್ತದಾ ನೋಡಬೇಕು. 7555 ಆರ್ಡರ್ ಮಾಡಿ ಆಗಿದೆ. ಎನ್‌ಇ 555ರ ಡಬ್ಬಿಗೆ ಸೆಲ್ಲೋಟೇಪ್ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಹೆಂಡತಿ ಮಾತ್ರ ಹಪ್ಪಳದ ಡಬ್ಬಿ ವಾಪಸ್ ಬರಲಿ ಅಂತ ಕಾಯುತ್ತಿದ್ದಾಳೆ. ಮುಚ್ಚಳದಲ್ಲಿ ಹನ್ನೆರಡು ತೂತು ಇರುವುದನ್ನು ಅವಳಿಗೆ ಇನ್ನೂ ಹೇಳಿಲ್ಲ.